ಗಾರೆ ದೊರೆ ಮತ್ತು ನಮ್ಮ ಡ್ರಾಯಿಂಗ್ ಮೇಷ್ಟ್ರು

ಕಳೆದ ತಿಂಗಳು ಹಾಸನದಲ್ಲಿ ನಮ್ಮ ಡ್ರಾಯಿಂಗ್ ಮೇಷ್ಟ್ರಿಗೆ ಸಂತಾಪ ಸಭೆ ನಡೆಯಿತು. ವೇದಿಕೆಯ ಮೇಲೆ ಅವರ ಫೋಟೋ ಇಟ್ಟು ಹಾರ ಹಾಕಿದ್ದರು. ಹಿಂದಿನ ಗೋಡೆಗೆ ಬೇಲೂರಿನ ಶಿಲಾಬಾಲಿಕೆಯ ದೊಡ್ಡ ಕ್ಯಾಲೆಂಡರ್ ತೂಗುಹಾಕಿದ್ದರು. ಕನ್ನಡಿ ಹಿಡಿದ ಆ ಸುಂದರಿ ಮೇಷ್ಟ್ರ ನೆತ್ತಿಯ ಮೇಲೆಯೇ ನಿಂತ ಹಾಗೆ ಕಾಣುತ್ತಿದ್ದಳು. ಅಧ್ಯಕ್ಷರು ಎದ್ದು, "ಹೊಯ್ಸಳ ಶಿಲ್ಪಕಲೆಯ ಮಹಾನ್ ಆರಾಧಕರು ನಮ್ಮನ್ನು ಅಗಲಿದ್ದಾರೆ" ಎಂದರು. ಅವರ ನಂತರ ಮಾತಾಡಿದವರು, "ಭೈರವನ ಪರಮಭಕ್ತರು, ಆಸ್ತಿಕ ಶಿರೋಮಣಿಗಳು" ಎಂದರು. ಸತ್ತವರಿಗೆ ಎದ್ದು ಬಂದು ಬೈಯುವ ಸೌಕರ್ಯವಿಲ್ಲ ಎಂಬ ಧೈರ್ಯದ ಮೇಲೆಯೇ ನಮ್ಮ ಸಂತಾಪ ಸಭೆಗಳು ನಡೆಯುವುದು.

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ಅವರ ಜೊತೆ ಬಹಳ ಕಾಲ ಚರಿತ್ರೆ ಪಾಠ ಮಾಡಿದವನು ಎಂದು ನನ್ನನ್ನೂ ಎರಡು ಮಾತು ಆಡಿ ಎಂದರು. ನಾನು ಎದ್ದು, "ಒಳ್ಳೆಯ ಮನುಷ್ಯ" ಎಂದು ಹೇಳಿ ಕೂತುಬಿಟ್ಟೆ. ಅದೂ ಪೂರ್ತಿ ನಿಜವಲ್ಲ. ಅವರು ಜಗಳಗಂಟ, ಹಟಮಾರಿ, ಸಮಯ ಬಂದರೆ ಸುಳ್ಳುಗಾರ. ಹೊಯ್ಸಳರನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ದೇವರ ಜೊತೆಗೂ ಅಂಥ ಬಳಕೆಯೇನೂ ಇರಲಿಲ್ಲ. ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ.

ಊರು ಚನ್ನರಾಯಪಟ್ಟಣ. ಉದ್ದನೆಯ ಕರಿ ಕೋಟು, ಅದರ ಜೇಬಿನಲ್ಲಿ ನಸ್ಯದ ಡಬ್ಬಿ, ಕಂಕುಳಲ್ಲಿ ಛತ್ರಿ. ಮಳೆ ಬಂದಾಗ ಛತ್ರಿ ಬಿಚ್ಚಿದ್ದನ್ನು ನಾನು ಕಂಡಿಲ್ಲ. ಅದು ಅವರ ಅಳತೆಗೋಲು. ದಾರಿಯಲ್ಲಿ ಹಳೆಯ ಕಂಬವೊಂದು ಕಂಡರೆ ಸಾಕು, ಛತ್ರಿಯನ್ನು ಅದಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತುಬಿಡುವರು. ನಮ್ಮನ್ನೆಲ್ಲ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನಾನು 'ಚರಿತ್ರೆ', ಪಕ್ಕದವರು 'ಗಣಿತ', ಹೆಡ್‌ಮಾಸ್ಟರು ಮಾತ್ರ 'ಸಾರ್'. ಆ 'ಸಾರ್' ಕೇಳಿದರೆ 'ಗಣಿತ'ವೇ ಎಷ್ಟೋ ಮೇಲು ಅನ್ನಿಸುತ್ತಿತ್ತು.

ಬೇರೆ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರುಗಳು ಹುಡುಗರ ಮುಂದೆ ಹೂಜಿ, ಬದನೆಕಾಯಿ ಇಟ್ಟು ಬಿಡಿಸಿ ಎನ್ನುತ್ತಿದ್ದರು. ಇವರು ಇಡೀ ತರಗತಿಯನ್ನು ಬೀದಿಗೆ ಹೊರಡಿಸಿ ತಾಲ್ಲೂಕು ಕಚೇರಿಯ ಕಮಾನಿನ ಎದುರು ಕೂರಿಸುತ್ತಿದ್ದರು. "ಕಮಾನು ಬಿಡಿಸೋಕೆ ಬರದವರು ದೇವರ ತಂಟೆಗೆ ಹೋಗಬೇಡಿ" ಎನ್ನುವರು. ಒಮ್ಮೆ ಅಮಲ್ದಾರರು ಹೊರಗೆ ಬಂದು, ಮಕ್ಕಳೆಲ್ಲ ಯಾವುದೋ ಚಳವಳಿಗೆ ಧರಣಿ ಕೂತಿದ್ದಾರೆಂದು ಗಾಬರಿಯಾದರಂತೆ.

ಅವರನ್ನು ಮದುವೆ ಮನೆಗೆ ಕರೆಯಲು ಜನ ಹೆದರುತ್ತಿದ್ದರು. ಪಂಕ್ತಿಯಲ್ಲಿ ಅವರಿಗೆ ಯಾವಾಗಲೂ ಗೋಡೆಯ ಪಕ್ಕದ ಜಾಗವೇ ಬೇಕು. ಎಲೆಗೆ ಪಾಯಸ ಬೀಳುವಷ್ಟರಲ್ಲಿ ಎಡಗೈ ಉಗುರಿನಿಂದ ಗೋಡೆಯ ಸುಣ್ಣ ಕೆರೆಯುವುದಕ್ಕೆ ಶುರು. ವರ್ಷವರ್ಷವೂ ಹಬ್ಬಕ್ಕೆ ಬಳಿದ ಸುಣ್ಣದ ಅಡಿಯಲ್ಲಿ ಹಳೆಯ ಚಿತ್ರ ಇದ್ದರೂ ಇರಬಹುದು ಎಂಬ ಆಸೆ. ಹರದನಹಳ್ಳಿಯ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಬಂದು ನಿಂತು ಕೇಳಿಯೇಬಿಟ್ಟ:

"ಯಾಕ್ ಸಾ, ಗ್ವಾಡೆ ಕೆರೀತಾ ಇದೀರ? ಊಟ ಸಾಲ್ನಿಲ್ವಾ?"

"ಊಟ ಚೆನ್ನಾಗಿದೆಯಪ್ಪ. ನಿಮ್ಮ ಗೋಡೆ ಅದಕ್ಕಿಂತ ಚೆನ್ನಾಗಿದೆ. ಇದರೊಳಗೆ ಆನೆ ಇದೆ."

ಆನೆ ಇರಲಿಲ್ಲ. ಅಂಗೈಯಗಲ ಕೆಮ್ಮಣ್ಣು ಕಂಡಿತು. ಅದನ್ನೇ ಆನೆಯ ಬೆನ್ನು ಎಂದು ವಾದಿಸಿದರು.

ಹತ್ತೊಂಬತ್ತನೆಯ ಶತಮಾನದ ನಡುಮಧ್ಯದ ಒಂದಷ್ಟು ವರ್ಷ, ಅಷ್ಟೇ ಅವರ ಪ್ರಪಂಚ. ಅದಕ್ಕೆ ಹಿಂದಿನದು ಬರೀ ಕಲ್ಲು, ಮುಂದಿನದು ಬರೀ ಸಿಮೆಂಟು. ಅರಮನೆಯ ಕೈಯಿಂದ ಆಡಳಿತ ಜಾರಿ ಕಮಿಷನರು ದೊರೆಗಳು ಕೂತ ಕಾಲ ಅದು. ಚರಿತ್ರೆ ಮೇಷ್ಟ್ರಾದ ನನಗೆ ಅದು ಅವಮಾನದ ಕಾಲ, ಪಾಠದಲ್ಲಿ ಬೇಗ ದಾಟಿಸಿಬಿಡುತ್ತಿದ್ದೆ. ಅವರು ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟುತ್ತಿದ್ದರು.

"ನೋಡ್ರೀ ಚರಿತ್ರೆ, ನಿಮ್ಮ ಹೊಯ್ಸಳರಿಗೆ ಕಲ್ಲು ಕಂಡರೆ ಕೆರೆತ. ಒಂದಂಗುಲ ಖಾಲಿ ಬಿಡಲಿಲ್ಲ. ನೋಡೋನಿಗೆ ಉಸಿರಾಡೋಕೆ ಜಾಗ ಬೇಡವೇನ್ರೀ? ಈ ನೂರು ವರ್ಷದ ಹಿಂದಿನ ಗಾರೆಯವನನ್ನು ನೋಡಿ. ಅವನಿಗೆ ರಾಜನಿಲ್ಲ, ಶಾಸ್ತ್ರ ಹೇಳಿಕೊಡೋರಿಲ್ಲ. ಬೆಳಗ್ಗೆ ದೇವಸ್ಥಾನದ ಗೋಪುರದ ಕೆಲಸ, ಸಂಜೆ ದೊರೆಯ ಬಂಗಲೆಯ ಕೆಲಸ. ಎರಡೂ ಕಲೆಸಿಹೋಯ್ತು. ದೊರೆಯ ಕಂಬಕ್ಕೆ ಕಮಲ ಇಟ್ಟ, ದ್ವಾರಪಾಲಕನ ಸೊಂಟಕ್ಕೆ ಗಡಿಯಾರದ ಚೈನು ಕಟ್ಟಿದ. ಕಂಡದ್ದನ್ನು ಮಾಡಿದ ಕಣ್ರೀ ಅವನು. ಸುಳ್ಳು ಹೇಳಲಿಲ್ಲ."

ಸುಳ್ಳಿನ ಮಾತು ಆಮೇಲೆ ಬರುತ್ತದೆ.

ಒಂದು ಸಲ ಹುಡುಗರನ್ನು ಶ್ರವಣಬೆಳಗೊಳಕ್ಕೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಬೆಟ್ಟ ಇಳಿದು ಜಿನನಾಥಪುರದ ಬಸದಿಗೆ ನಡೆದೆವು. ನಾನು ಹೊರಗೋಡೆಯ ಶಿಲ್ಪಗಳನ್ನು ಒಂದೊಂದಾಗಿ ತೋರಿಸುತ್ತ ಮೈಮರೆತಿದ್ದೆ. ಹೆಡ್‌ಮಾಸ್ಟರು ತಿರುಗಿ ನೋಡಿದರೆ ನಮ್ಮ ಡ್ರಾಯಿಂಗ್ ಮೇಷ್ಟ್ರು ಬಸದಿಗೆ ಬೆನ್ನು ಹಾಕಿ ಯಾರದೋ ಜಗಲಿಯ ಮೇಲೆ ಕೂತು, ಎದುರು ಮನೆಯ ಬಾಗಿಲ ಮೇಲಿನ ಗಾರೆ ಗಿಣಿಗಳನ್ನು ಬರೆದುಕೊಳ್ಳುತ್ತಿದ್ದಾರೆ.

"ಏನ್ರೀ ಇದು, ಬಸದಿ ಬಿಟ್ಟು ಗಿಣಿ ನೋಡ್ತಾ ಕೂತಿದ್ದೀರಿ?"

"ಸಾರ್, ಬಸದಿಗೆ ಸರ್ಕಾರ ಇದೆ, ಬೋರ್ಡ್ ಇದೆ, ಕಾವಲಿನವನಿದಾನೆ. ಈ ಗಿಣಿಗೆ ಯಾರಿದಾರೆ? ಇವತ್ತಲ್ಲ ನಾಳೆ ಕೆಡವಿ ಹೆಂಚು ಹಾಕ್ತಾರೆ."

ಬಾಗಿಲಲ್ಲಿ ನಿಂತಿದ್ದ ಮನೆಯವನು ಪಾಪ, ಸತ್ಯವಂತ. "ನಾಳೆ ಯಾಕೆ ಸಾ, ಸೋಮಾರದಿಂದ್ಲೇ ಕೆಡುವ್ತೀವಿ. ಮೇಸ್ತ್ರಿಗೂ ಯೋಳಿದೀವಿ" ಎಂದ. ಮೇಷ್ಟ್ರು ಹೆಡ್‌ಮಾಸ್ಟರ ಮುಖ ನೋಡಿ, ಒಂದು ಚಿಟಿಕೆ ನಸ್ಯ ಏರಿಸಿ, ಮತ್ತೆ ಗಿಣಿಯ ಕಡೆ ತಿರುಗಿದರು.

ಇಂಥವರಿಗೆ ಪ್ರಾಣ ಎಂಬುದೊಂದಿದ್ದರೆ ಅದು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ದಾರಿಯ ಒಂದು ಹಳ್ಳಿಯ ಛತ್ರದಲ್ಲಿತ್ತು. ಹಳ್ಳಿಯ ಹೆಸರು ಬೇಡ, ಅಲ್ಲಿಯವರು ಈಗ ಬಹಳ ಭಕ್ತರು. ಕಾವೇರಿ ಸ್ನಾನಕ್ಕೆ ಹೋಗುವವರು ಇಳಿದುಕೊಳ್ಳಲೆಂದು ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಕಟ್ಟಿಸಿದ ಛತ್ರ. ಅದರ ಜಗಲಿಯ ಮೇಲೆ, ಬಾಗಿಲ ಬಲಕ್ಕೆ, ಗೋಡೆಯ ಗೂಡಿನಲ್ಲಿ ಗಾರೆಯಲ್ಲಿ ಮಾಡಿದ ಒಬ್ಬ ಬಿಳಿ ದೊರೆ ಕೂತಿದ್ದ. ಕುರ್ಚಿ, ಕಾಲ ಮೇಲೆ ಕಾಲು, ಕೈಯಲ್ಲೊಂದು ಬೆತ್ತ, ತಲೆಗೆ ಟೋಪಿ, ಮೊಳಕಾಲ ತನಕ ಬೂಟು. ಕೆಳಗೆ, ಅದೇ ಸೂರಿನಡಿ ತುಸು ದೂರದಲ್ಲಿ, ಬೇರೆಯೇ ಒಂದು ಪುಟ್ಟ ಕಟ್ಟೆಯ ಮೇಲೆ ಅವನ ಗಾರೆ ನಾಯಿ. ದೊರೆಯ ಮುಖದಲ್ಲಿ ಊಟ ಹಿಡಿಸದವನ ಸಂಕಟ ಇತ್ತು. ನಾಯಿ ಮಾತ್ರ ತಲೆಯೆತ್ತಿ, ಈಗ ಬಾಲ ಅಲ್ಲಾಡಿಸುತ್ತದೆ ಎನ್ನುವ ಹಾಗಿತ್ತು.

ಮೊದಲ ಸಲ ನನ್ನನ್ನು ಕರೆದುಕೊಂಡು ಹೋದಾಗ, ಬಾವಿಯಲ್ಲಿ ಕೈ ತೊಳೆದು ಬಂದ ನಾನು ಸುಮ್ಮನೆ ದೊರೆಯ ಮಂಡಿಯ ಮೇಲೆ ಕೈಯಿಟ್ಟೆ. ಛತ್ರಿಯಿಂದ ಫಟ್ಟನೆ ಕೈಗೆ ಬಿತ್ತು.

"ಒದ್ದೆ ಕೈ! ಗಾರೆ ಅಂದರೆ ಸುಣ್ಣ ಕಣ್ರೀ. ಮೇಲೆ ಸೂರು ಇರೋದಕ್ಕೆ ನೂರು ವರ್ಷ ಉಳಿದಿದೆ. ಒರೆಸೋದಾದರೂ ಒಣಬಟ್ಟೆಯಲ್ಲಿ ಒರೆಸಬೇಕು." ಆಮೇಲೆ ಬಗ್ಗಿ ನಾಯಿಯ ಕಿವಿಯ ಹಿಂಭಾಗ ತೋರಿಸಿದರು. ಗಾರೆ ಹಸಿಯಿದ್ದಾಗ ಕೆಲಸದವನು ಒತ್ತಿದ ಹೆಬ್ಬೆರಳಿನ ಗುರುತು ಅಲ್ಲಿ ಹಾಗೇ ಇತ್ತು. ತಮ್ಮ ಹೆಬ್ಬೆರಳನ್ನು ಆ ಗುಳಿಯ ಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದು, "ನಮ್ಮ ಕಡೆಯವನೇ ಇರಬೇಕು" ಎಂದರು. ಜಿಲ್ಲೆಯ ಯಾವ ಗಾರೆ ಕೆಲಸ ಕಂಡರೂ ಅದು ಅವರ ಕಡೆಯವರದೇ ಆಗಿರುತ್ತಿತ್ತು. ಆದರೆ ಅವತ್ತು ಅವರ ದನಿ ಸಣ್ಣಗಾಗಿತ್ತು, ನಾನು ಗೇಲಿ ಮಾಡಲಿಲ್ಲ.

ಐವತ್ತರ ದಶಕದ ಕೊನೆಯ ಹೊತ್ತಿಗೆ ಆ ಛತ್ರವನ್ನು ವಾಚನಾಲಯ ಮಾಡುವುದೆಂದಾಯಿತು. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ. ಪಂಚಾಯಿತಿ ಚೇರ್ಮನ್ನರು ದೊಡ್ಡ ಜಮೀನುದಾರರು, ಖಾದಿ ತೊಡುವವರು, ದೇಶಭಕ್ತಿ ಸ್ವಲ್ಪ ತಡವಾಗಿ ಬಂದದ್ದರಿಂದ ಜೋರಾಗಿ ಬಂದಿತ್ತು. ದೊರೆಯನ್ನು ಒಡೆದು ಹಾಕಲು ಹಾರೆ ತರಿಸಿದ್ದಾರೆಂಬ ಸುದ್ದಿ ತಿಳಿದು ನಾವಿಬ್ಬರೂ ಸಿಕ್ಕಿದ ಬಸ್ಸು ಹತ್ತಿ ಓಡಿದೆವು. ಜಗಲಿಯ ಮುಂದೆ ಊರೇ ಸೇರಿತ್ತು.

"ಸ್ವಾತಂತ್ರ್ಯ ಬಂದು ಇಷ್ಟ್ ವರ್ಸ ಆಯ್ತು" ಎಂದು ಚೇರ್ಮನ್ನರು ಕೂಗಾಡುತ್ತಿದ್ದರು. "ಈ ಬಿಳಿ ನನ್ಮಗ ಇನ್ನೂ ಕಾಲ್ ಮ್ಯಾಲೆ ಕಾಲ್ ಆಕ್ಕಂಡು ಕುಂತವ್ನೆ! ಮಂತ್ರಿಗಳು ಬಂದು ಇವನ್ ಮುಂದ್ಗಡೆ ನಿಂತ್ಕಬೇಕಾ? ಒಡೀರ್ಲಾ!"

ಮೇಷ್ಟ್ರು ಮೊದಲು ಕಲೆಯ ಬಗ್ಗೆ ಮಾತಾಡಿದರು. ಯಾರೂ ಕೇಳಲಿಲ್ಲ. ಆಮೇಲೆ ಚರಿತ್ರೆ ಎಂದರು. ಅದಕ್ಕೆ ನಾನೇ ತಲೆದೂಗಬೇಕಾಗಿತ್ತು, ದೂಗಿದೆ, ಪ್ರಯೋಜನವಾಗಲಿಲ್ಲ. ಹಾರೆಯವನು ಜಗಲಿ ಹತ್ತಿದ. ಆಗ ಮೇಷ್ಟ್ರು ಛತ್ರಿಯನ್ನು ಅಡ್ಡ ಹಿಡಿದು, ನನ್ನ ಜನ್ಮದಲ್ಲಿ ನಾನು ಅವರ ಬಾಯಲ್ಲಿ ಕೇಳದ ಒಂದು ದನಿಯಲ್ಲಿ ಕೂಗಿದರು:

"ಯಾರನ್ನ ಒಡೀತಾ ಇದೀರಿ ಗೊತ್ತೇನ್ರೋ? ಕೈಯಲ್ಲಿ ದಂಡ ನೋಡಿ. ಪಾದದ ಹತ್ತಿರ ನಾಯಿ ನೋಡಿ. ನಾಯಿ ಇಟ್ಟುಕೊಂಡಿರೋ ಸ್ವಾಮಿ ಯಾರ್ರಯ್ಯ?"

ಹಾರೆಯವನ ಕೈ ನಿಂತಿತು. ಗುಂಪಿನಲ್ಲಿ ಯಾರೋ, "ಭೈರವ" ಎಂದರು.

"ಹೂಂ. ಭೈರವ. ನಿಮ್ಮ ತಾತಂದಿರು ದೊರೆಗಳಿಗೆ ಹೆದರಿ ಸ್ವಾಮೀನ ಈ ವೇಷದಲ್ಲಿ ಬಚ್ಚಿಟ್ಟಿದ್ದಾರೆ."

"ತಲೆ ಮ್ಯಾಲೆ ಟೋಪಿ ಅದಲ್ಲಾ ಸಾ?" ಚೇರ್ಮನ್ನರ ದನಿ ಇಳಿದಿತ್ತು.

"ಅದು ಜಟೆ. ಗಂಟು ಹಾಕಿದ ಜಟೆ."

"ಬೂಟು?"

"ಪಾದುಕೆ."

ಮೊಳಕಾಲುದ್ದದ ಪಾದುಕೆ! ನಾನು ಆ ಕಡೆ ತಿರುಗಿಕೊಂಡೆ. ಅಷ್ಟರಲ್ಲಿ ಮೇಷ್ಟ್ರು ಪೂಜೆಗೆ ಹೊರಟು ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳ ಕೈಯಿಂದ ಕುಂಕುಮದ ಭರಣಿ ಇಸಿದುಕೊಂಡು ದೊರೆಯ ಹಣೆಗೆ ಇಷ್ಟಗಲ ಇಟ್ಟೇಬಿಟ್ಟರು. ನಮ್ಮ ಸೀಮೆಯಲ್ಲಿ ಒಂದು ಸಲ ಕುಂಕುಮ ಬಿದ್ದ ಕಲ್ಲನ್ನು ಕೀಳುವ ಗಂಡಸು ಇನ್ನೂ ಹುಟ್ಟಿಲ್ಲ. ಹಾರೆಯವನು ಹಾರೆ ಕೆಳಗಿಟ್ಟು ಕೆನ್ನೆ ಬಡಿದುಕೊಂಡ. ಚೇರ್ಮನ್ನರು ಚಪ್ಪಲಿ ಬಿಟ್ಟರು.

ವಾಪಸ್ಸು ಬಸ್ಸಿನಲ್ಲಿ ಮೇಷ್ಟ್ರು ಹೊಳೆನರಸೀಪುರ ಬರುವ ತನಕ ನಕ್ಕರು. "ಕಮಿಷನರ ಕಾಲದ ತೆರಿಗೆ ದೊರೆ ಕಣ್ರೀ ಅವನು. ಇನ್ನು ಮೇಲೆ ಮಂಗಳಾರತಿ!" ಎಂದು ಕಣ್ಣೀರು ಒರೆಸಿಕೊಳ್ಳುತ್ತಿದ್ದರು. ಮಂತ್ರಿಗಳು ಬಂದಾಗ ಬೂಟು ತೊಟ್ಟ ಭೈರವನಿಗೆ ಕೈಮುಗಿದರೆಂದು ತಿಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ತರಿಸಿದರು. ಅವರು ಕಾಫಿ ತರಿಸಿದ್ದು ಅದೊಂದೇ ಸಲ.

ಮುಂದೆ ಏನಾಗಬಹುದೆಂದು ಗಾರೆಯ ವಿಷಯದಲ್ಲಿ ಅಷ್ಟು ತಿಳಿದಿದ್ದ ಮನುಷ್ಯನಿಗೆ ಹೊಳೆಯಲಿಲ್ಲ. ದೇವರಾದ ಮೇಲೆ ಅಭಿಷೇಕವಾಗದೆ ಇರುತ್ತದೆಯೇ? ಮೊದಮೊದಲು ಬರೀ ನೀರು. ಚೇರ್ಮನ್ನರು ಎಲೆಕ್ಷನ್ ಗೆದ್ದ ಮೇಲೆ ಹಾಲು. ಸಂತೆಗೆ ಹೋಗುವ ಜನರಿಗೆ ಸುದ್ದಿ ಹರಡಿದ ಮೇಲೆ ಮೊಸರು, ಎಳನೀರು, ಪಂಚಾಮೃತ. ಭೈರವನಿಗೆ ಪ್ರೀತಿ ಎಂದು ನಿಂಬೆಹಣ್ಣಿನ ಹಾರ, ಅದರ ರಸ. ಸುಣ್ಣಕ್ಕೆ ಹುಳಿಗಿಂತ ದೊಡ್ಡ ವೈರಿ ಬೇರೆ ಇಲ್ಲ. ಸೂರಿನ ಕೆಳಗೆ ನೂರು ಮಳೆಗಾಲ ತಪ್ಪಿಸಿಕೊಂಡಿದ್ದ ದೊರೆ ಭಕ್ತಿಗೆ ಸಿಕ್ಕಿಬಿದ್ದ. ಮುಂದಿನ ವರ್ಷ ನಾವು ಹೋಗಿ ನೋಡಿದಾಗ ಮೂಗು ಇರಲಿಲ್ಲ. ಅದರ ಮುಂದಿನ ವರ್ಷ ಬೆತ್ತ, ಬೆತ್ತ ಹಿಡಿದ ಕೈ, ಎರಡೂ ಹೋಗಿದ್ದವು. ಬೂಟು ಕರಗಿ ನಿಜವಾಗಿಯೂ ಪಾದುಕೆಯಂತೆ ಆಗಿತ್ತು.

ಪೂಜೆಗೆ ನಿಂತಿದ್ದವನು ಚೇರ್ಮನ್ನರ ದಾಯಾದಿ. ಮೇಷ್ಟ್ರು ಅವನ ಕೈ ಹಿಡಿದುಕೊಂಡರು. "ಹೂವು ಹಾಕಪ್ಪ, ಬೇಡ ಅನ್ನಲ್ಲ. ನೀರು ಮಾತ್ರ ಹಾಕಬೇಡ. ಕರಗಿ ಹೋಗ್ತಾ ಇದಾನೆ."

"ಅಂಗಲ್ಲ ಸಾ" ಎಂದು ಅವನು ಸಮಾಧಾನ ಹೇಳಿದ. "ಸ್ವಾಮಿ ಸವೀತಾ ಅವ್ನೆ ಅಂದ್ರೆ ನಮ್ ಪಾಪಾನೆಲ್ಲ ಮೈಮ್ಯಾಲೆ ಆಕ್ಕತಾ ಅವ್ನೆ ಅಂತ. ಒಳ್ಳೇದೇ ಅಲ್ವಾ?"

ಆ ದಿನ ಬಸ್ಸಿನಲ್ಲಿ ಮೇಷ್ಟ್ರ ನಸ್ಯದ ಡಬ್ಬಿ ಕೈಯಲ್ಲೇ ಇತ್ತು, ತೆರೆಯಲಿಲ್ಲ. ಹಟಮಾರಿಗಳು ಸುಮ್ಮನಾದರೆ ನೋಡುವುದು ಕಷ್ಟ.

ಮರುವಾರವೇ ನನ್ನನ್ನು ಎಳೆದುಕೊಂಡು ಹೊರಟರು. ಮಂಗಳಾರತಿಗೆ ಜನ ಸೇರಿದ್ದ ಹೊತ್ತು ನೋಡಿ ಜಗಲಿಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನಾನು ಸುಳ್ಳು ಹೇಳಿದ್ದೆ. ಇವನು ಭೈರವನಲ್ಲ. ಒಬ್ಬ ಬಿಳಿ ದೊರೆ. ಒಡೆದುಬಿಡ್ತೀರಿ ಅಂತ ಹೆದರಿ ಹಾಗಂದೆ. ನಿಮ್ಮ ಕಾಲು ಹಿಡೀತೀನಿ, ಅವನ ಮೇಲೆ ನೀರು ಸುರೀಬೇಡಿ."

ಯಾರಿಗೂ ಸಿಟ್ಟು ಬರಲಿಲ್ಲ. ಅದೇ ಘೋರ. ಚೇರ್ಮನ್ನರು ಬಂದು ಬಹಳ ಮರ್ಯಾದೆಯಿಂದ ಅವರ ಹೆಗಲ ಮೇಲೆ ಕೈಯಿಟ್ಟರು.

"ಬುಡಿ ಸಾ, ಅಂಗೆಲ್ಲ ಅನ್ಬ್ಯಾಡಿ. ಅವತ್ತು ನಿಮ್ ಬಾಯಾಗೆ ಸ್ವಾಮೀನೇ ನುಡ್ದ. ಇವತ್ತು ಬರೀ ನೀವು ಮಾತಾಡ್ತಾ ಇದೀರಿ. ಸ್ವಾಮಿ ಮಾತ್ ಬುಟ್ಟು ನಿಮ್ ಮಾತ್ ಯಾಕ್ ಕೇಳಾನ ಯೋಳಿ?"

ಆಮೇಲೆ ಅವರ ಕೊರಳಿಗೆ ನಿಂಬೆಹಣ್ಣಿನ ಹಾರ ಹಾಕಿದರು. ಮೇಷ್ಟ್ರು ಹಾರ ಹಾಕಿಕೊಂಡೇ ಬಸ್ಸು ಹತ್ತಿದರು, ತೆಗೆಯುವ ನೆನಪೂ ಇರಲಿಲ್ಲ. ಕಂಡಕ್ಟರು ಕೈಮುಗಿದು ಮುಂದಿನ ಸೀಟು ಬಿಡಿಸಿಕೊಟ್ಟ.

ದೊರೆ ಕೊನೆಗೆ ಒಂದು ಗುಂಡು ದಿಂಡಿನ ಹಾಗಾದ. ಚೇರ್ಮನ್ನರು ಅದನ್ನು ಶಾಸ್ತ್ರೋಕ್ತವಾಗಿ ಕಾವೇರಿಗೆ ಬಿಡಿಸಿ, ಹಾಸನದ ಕಡೆಯಿಂದ ಶಿಲ್ಪಿಯನ್ನು ಕರೆಸಿ ಸಿಮೆಂಟಿನ ಭೈರವನನ್ನು ಕೂರಿಸಿದರು. ಕಿರೀಟ, ಕಂಠಹಾರ, ತೋಳಬಂದಿ, ಡಾಬು, ಬೆರಳಿಗೊಂದು ಉಂಗುರ. "ಪೂರಾ ಹೊಯ್ಸಳ ಸ್ಟೈಲು ಸಾ" ಎಂದು ಮೇಷ್ಟ್ರಿಗೇ ಬಂದು ಹೇಳಿದರು. ಒಂದಂಗುಲ ಖಾಲಿ ಇರಲಿಲ್ಲ. ಸ್ಥಾಪನೆಗೆ ಇವರೇ ಮುಖ್ಯ ಅತಿಥಿ ಎಂದು ಕರೆದರು. ಹೋಗಲಿಲ್ಲ. ಜ್ವರ ಎಂದು ಹೇಳಿಕಳಿಸಿದರು. ಅದು ನಿಜವೇ ಆಗಿತ್ತು.

ಉಳಿದದ್ದು ನಾಯಿ. ಅದರ ಕಟ್ಟೆ ಬೇರೆಯಾದ್ದರಿಂದ ಅಭಿಷೇಕದ ನೀರು ಅಲ್ಲಿಗೆ ಹರಿಯುತ್ತಿರಲಿಲ್ಲ. ನಾಯಿಗೆಂಥ ಪೂಜೆ ಎಂದು ಪೂಜಾರಿಯೂ ಮುಟ್ಟಿರಲಿಲ್ಲ. "ಗಟ್ಟಿಯಾಗೇ ಅದೆ, ಇರ್ಲಿ ಬುಡಿ" ಎಂದು ಚೇರ್ಮನ್ನರೂ ಸುಮ್ಮನಾದರು. ರಿಟೈರಾದ ಮೇಲೆ ಮೇಷ್ಟ್ರು ಚನ್ನರಾಯಪಟ್ಟಣದಿಂದ ಆಗಾಗ ಅಷ್ಟು ದೂರ ಬಸ್ಸಿನಲ್ಲಿ ಬಂದು, ಸಿಮೆಂಟು ದೇವರ ಕಡೆ ಕಣ್ಣೆತ್ತದೆ, ನಾಯಿಯ ಪಕ್ಕ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಅದನ್ನು ನೋಡಿಯೇ ಜನ ಪರಮಭಕ್ತರು ಎಂದದ್ದು. ಕಾಯಿಲೆ ಜೋರಾಗಿ ಹಾಸಿಗೆ ಹಿಡಿದಾಗ ನಾನು ನೋಡಲು ಹೋಗಿದ್ದೆ. ನನ್ನ ಆರೋಗ್ಯ ಕೇಳಲಿಲ್ಲ, ತಮ್ಮದೂ ಹೇಳಲಿಲ್ಲ. "ಚರಿತ್ರೆ, ಆ ಕಡೆ ಹೋದರೆ ನಾಯೀನ ನೋಡಿಕೊಂಡು ಬನ್ನಿ. ಅವನೊಬ್ಬ ಬಚಾವಾದ, ಯಾರ ಭಕ್ತಿಯೂ ತಗುಲಲಿಲ್ಲ" ಎಂದರು. ನಾನು ಹೂಂ ಎಂದೆ.

ಸಂತಾಪ ಸಭೆ ಮುಗಿದ ಮರುದಿನವೇ ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿದೆ. ಮಧ್ಯಾಹ್ನ, ಛತ್ರದ ಹತ್ತಿರ ಯಾರೂ ಇರಲಿಲ್ಲ. ನಾಯಿ ಇದ್ದ ಹಾಗೇ ತಲೆಯೆತ್ತಿ ಕೂತಿತ್ತು. ಆದರೆ ಅದರ ಹಣೆಯ ಮೇಲೆ ಕೆಂಪಗೆ, ಹೊಚ್ಚಹೊಸದಾಗಿ, ಒಂದು ಕುಂಕುಮದ ಬೊಟ್ಟು. ಕಟ್ಟೆಯ ಮೇಲೆ ಒಂದು ದಾಸವಾಳದ ಹೂವು.

ಹೆಗಲ ಮೇಲಿನ ಶಲ್ಯದ ಒಣ ತುದಿಯಿಂದ ಮೆಲ್ಲಗೆ ಒರೆಸತೊಡಗಿದೆ. ಹಿಂದೆ ಗೆಜ್ಜೆಯ ಸದ್ದಾಯಿತು. ಒಬ್ಬ ಹೆಂಗಸು, ಕೈಯಲ್ಲಿ ಹಾಲಿನ ಚೊಂಬು.

"ಯಾಕ್ ಸಾ ಒರುಸ್ತಾ ಇದೀರ? ನಾನೇ ಮಡಗಿದ್ದು. ಸ್ವಾಮಿಗೆ ದಿನಾ ಹಾಲು ಉಯ್ತೀವಿ, ಪಾಪ ಇದ್ಕೆ ಯಾರೂ ಏನೂ ಆಕಾಕಿಲ್ಲ. ಅದ್ಕೇ ತಂದೆ."

ನಿಜ ಹೇಳಿದರೆ ಏನಾಗುತ್ತದೆಂದು ನಾನು ಆ ಜಗಲಿಯ ಮೇಲೆಯೇ ಒಮ್ಮೆ ನೋಡಿದ್ದೆ.

"ಬೇಡ ಕಣಮ್ಮ" ಎಂದೆ. "ಈ ನಾಯಿ ವ್ರತದಲ್ಲಿದೆ. ಮೈಗೆ ಒಂದು ಹನಿ ಏನು ಬಿದ್ದರೂ ಸ್ವಾಮಿಗೆ ಸಿಟ್ಟು ಬರುತ್ತೆ. ಕುಂಕುಮವೂ ಇಡಬಾರದು."

"ಅಂಗಂತ ಯಾರ್ ಯೋಳಿದ್ರು?"

"ಡ್ರಾಯಿಂಗ್ ಮೇಷ್ಟ್ರು. ಸಾಯೋ ಮುಂಚೆ ಹೇಳಿ ಹೋದರು."

"ಅಯ್ಯೋ, ಆ ಪುಣ್ಯಾತ್ಮರು ಯೋಳವ್ರೆ ಅಂದ್ರೆ ಮುಗೀತು. ಊರ್ಗೆಲ್ಲ ಯೋಳ್ತೀನಿ ಸಾ" ಎಂದು ಎರಡು ಹೆಜ್ಜೆ ಹಿಂದೆ ಸರಿದು, ದೂರದಿಂದಲೇ ನಾಯಿಗೆ ಕೈಮುಗಿದಳು. ಆಮೇಲೆ ಚೊಂಬಿನ ಹಾಲನ್ನು ಸಿಮೆಂಟಿನ ಸ್ವಾಮಿಯ ತಲೆಯ ಮೇಲೆ ಸುರಿದಳು. ಕಿರೀಟ, ಹಾರ, ಡಾಬು ಎಲ್ಲ ದಾಟಿ ಹಾಲು ಕೆಳಗಿಳಿಯಿತು. ಅವನಿಗೆ ಏನೂ ಆಗಲಿಲ್ಲ.